ಗಾಜಿನ ಮೇಲಿನ ಪೊರೆಯೂ ಚಲಪತಿಯ ಹೊಟ್ಟೆಕಿಚ್ಚೂ

ಬೆಳಿಗ್ಗೆ ಎದ್ದವರು ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ. ಕೆಲಮಂಗಲದ ಚಲಪತಿ ನೋಡುವುದು ಮಧುಸೂದನನ ಸೈಟೇಷನ್ನು. ಹಾಸಿಗೆಯಲ್ಲೇ ಕೂತು, ಕನ್ನಡಕ ತಡಕಾಡಿ, ಫೋನು ತೆರೆದು, ಆ ಪುಟ ಬರುವ ತನಕ ಉಸಿರು ಬಿಗಿಹಿಡಿದಿರುತ್ತಾನೆ. ಸಂಖ್ಯೆ ನಿನ್ನೆಯದೇ ಇದ್ದರೆ ಆ ದಿನ ಕಾಫಿ ರುಚಿಸುತ್ತದೆ. ಒಂದೇ ಒಂದು ಏರಿದ್ದರೂ ಕಾಫಿಗೆ ಸಕ್ಕರೆ ಸಾಲದು, ಚಟ್ನಿಗೆ ಉಪ್ಪು ಜಾಸ್ತಿ, ಅಂಗಿಗೆ ಇಸ್ತ್ರಿ ಸರಿಯಾಗಿಲ್ಲ.

"ಏರೈತಾ?" ಎಂದು ಹೆಂಡತಿ ವೆಂಕಟಲಕ್ಷ್ಮಿ ಅಡುಗೆಮನೆಯಿಂದಲೇ ಕೇಳುತ್ತಾಳೆ.

"ಏನು ಏರೋದು?"

"ಅದೇ ರೀ, ನಿಮ್ ಸವತೀದು."

ಚಲಪತಿ ಫೋನನ್ನು ದಿಂಬಿನಡಿ ತಳ್ಳುತ್ತಾನೆ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಹೊಟ್ಟೆಯೊಳಗೆ ಏನು ಬೇಯುತ್ತಿದೆ ಎಂದು ಮುಚ್ಚಳ ತೆರೆದು ನೋಡಬೇಕಾಗಿಲ್ಲ.

ಚಲಪತಿ ಗಡಿಯಾಚೆ, ತಮಿಳುನಾಡಿನ ಹೊಸೂರು–ಕೃಷ್ಣಗಿರಿ ಹೆದ್ದಾರಿ ಬದಿಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮಧುಸೂದನನೂ ಅಲ್ಲೇ, ಅದೇ ವಿಭಾಗದಲ್ಲಿ, ಪಕ್ಕದ ಮೇಜಿನಲ್ಲಿ; ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನು. ಇಬ್ಬರದೂ ತೆಳುಪೊರೆಗಳ ಕೆಲಸ. ಸತುವಿನ ಉಪ್ಪು ಕರಗಿಸಿದ ನೀರನ್ನು ಕಾದ ಗಾಜಿನ ಚೂರಿನ ಮೇಲೆ ಮಂಜಿನಂತೆ ಸಿಂಪಡಿಸಿದರೆ, ನೀರು ಹಾರಿಹೋಗಿ, ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಒಂದು ಪೊರೆ ಗಾಜಿಗೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಅದು ಬರೀ ಗಾಜೇ, ಆದರೆ ಅದರ ಮೇಲೆ ಕರೆಂಟು ಹರಿಯುತ್ತದೆ. ಮೊಬೈಲಿನ ಪರದೆಗೂ ಸೋಲಾರ್ ಹಲಗೆಗೂ ಇಂಥದ್ದೇ ಬೇಕು. ಹೀಗೆ ಮಾಡಿದ್ದನ್ನು ಅಳೆದು, ಪ್ರಬಂಧ ಬರೆದು, ಪತ್ರಿಕೆಗಳಿಗೆ ಕಳಿಸುತ್ತಾರೆ. ಆ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದೇ ಸೈಟೇಷನ್. ಮೇಷ್ಟ್ರುಗಳ ಬಡ್ತಿ, ಮರ್ಯಾದೆ, ಕುರ್ಚಿ ಎಲ್ಲ ಈಗ ಅದರ ಮೇಲೆಯೇ ನಿಂತಿರುವುದು.

ಹೊಟ್ಟೆಕಿಚ್ಚು ಚಲಪತಿಗೆ ಹೊಸದೇನಲ್ಲ. ಚಿಕ್ಕವನಿದ್ದಾಗ ಉಣ್ಣಲು ಕೂತರೆ ತನ್ನ ತಟ್ಟೆ ಬಿಟ್ಟು ತಮ್ಮ ಮುನೀಶನ ತಟ್ಟೆಯ ಮುದ್ದೆಯನ್ನೇ ದಿಟ್ಟಿಸುತ್ತಿದ್ದ. "ನಿನ್ ತಟ್ಟೆ ನೋಡ್ಕೊಂಡು ಉಣ್ಲಾ, ಅವನ್ದು ತಣ್ಗಾಗೋಯ್ತು ನಿನ್ ಕಣ್ಣಿಗೆ," ಎಂದು ತಾಯಿ ವರಲಕ್ಷ್ಮಮ್ಮ ಗದರುತ್ತಿದ್ದಳು. ಮುನೀಶ ಉಂಡು ಕೈತೊಳೆದು ಆಡಲು ಓಡುತ್ತಿದ್ದ. ಇಂದಿಗೂ ಅವನು ಹಾಗೆಯೇ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟು ಮುಗಿಸಿ ಬಂದು ಗೊರಕೆ ಹೊಡೆಯುತ್ತಾನೆ. ಚಲಪತಿಯನ್ನು ಓದಿಸಿದ್ದು ಮಾತ್ರ ಆ ಹೊಟ್ಟೆಕಿಚ್ಚೇ. ಪಕ್ಕದ ಬೆಂಚಿನವನಿಗೆ ತನಗಿಂತ ಎರಡು ಅಂಕ ಹೆಚ್ಚು ಬಂದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಕನ್ನಡದಲ್ಲಿ ಮೂರಕ್ಷರ ಕಲಿತು, ತಮಿಳಿನಲ್ಲಿ ಹೈಸ್ಕೂಲು ಮುಗಿಸಿ, ಇಂಗ್ಲಿಷಿನೊಂದಿಗೆ ಗುದ್ದಾಡಿ, ಕೃಷ್ಣಗಿರಿಯಲ್ಲಿ ಎಂಎಸ್ಸಿ ಮಾಡಿ, ಕೆಲಸದ ಜೊತೆಗೇ ಡಾಕ್ಟರೇಟನ್ನೂ ಗಿಟ್ಟಿಸಿದ. ಕೋಸು ಬೆಳೆಯುವ ಚಿನ್ನಪ್ಪನ ಮಗ ಡಾಕ್ಟರ್ ಆದದ್ದು ಊರಿಗೆ ಸಣ್ಣ ಸಂಗತಿಯಲ್ಲ. ಸೂಜಿಮದ್ದು ಕೊಡುವುದಿಲ್ಲವಂತಲ್ಲ ಎಂದು ಕೆಲವರು ನಿರಾಶರಾದದ್ದೂ ನಿಜ.

ಮಧುಸೂದನನಿಗೆ ಯಾವುದಕ್ಕೂ ಗುದ್ದಾಡಬೇಕಾಗಿರಲಿಲ್ಲ. ಹೊಸೂರು ಪೇಟೆಯ ಹಳೆಯ ಮೇಷ್ಟ್ರು ಮನೆತನ. ತಾತ ಅಪ್ಪಣ್ಣನವರು ಹೆಡ್‌ಮಾಸ್ಟರು, ತಾಯಿ ಅಂಬುಜಮ್ಮ ಇಂಗ್ಲಿಷ್ ಟೀಚರು. ಅವನ ಬಾಯಲ್ಲಿ ಇಂಗ್ಲಿಷು ಮೊಸರನ್ನದಂತೆ ಸಲೀಸಾಗಿ ಇಳಿಯುತ್ತಿತ್ತು. ಅದನ್ನು ಕೇಳುವಾಗಲೆಲ್ಲ ಚಲಪತಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಆದರೆ ಇಂಗ್ಲಿಷಿಗಾಗಿ ಯಾರೂ ಒಬ್ಬನನ್ನು ಒಂಬತ್ತು ವರ್ಷ ದ್ವೇಷಿಸುವುದಿಲ್ಲ. ಉರಿ ಹತ್ತಿಕೊಂಡದ್ದು ಬೇರೆ ಕಡೆ.

ಒಂಬತ್ತು ವರ್ಷದ ಹಿಂದೆ ಮಧುಸೂದನ ಕಾಲೇಜಿಗೆ ಹೊಸದಾಗಿ ಬಂದಿದ್ದ. ಪ್ರಯೋಗಾಲಯದಲ್ಲಿ ಅವನು ಮಾಡುತ್ತಿದ್ದ ಪೊರೆಗಳೆಲ್ಲ ಬಿರುಕು ಬಿಡುತ್ತಿದ್ದವು, ಇಲ್ಲವೇ ತೊನ್ನು ಹತ್ತಿದಂತೆ ಮಚ್ಚೆ ಮಚ್ಚೆಯಾಗುತ್ತಿದ್ದವು. ಪುಸ್ತಕದಲ್ಲಿ ಹೇಳಿದ ಹಾಗೇ ಮಾಡುತ್ತಿದ್ದೇನಲ್ಲ ಎಂದು ಅವನು ತಲೆ ಕೆರೆದುಕೊಂಡ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಚಲಪತಿಗೆ ತನ್ನ ಅಪ್ಪ ಬೆನ್ನಿಗೆ ಮದ್ದಿನ ಡಬ್ಬಿ ಕಟ್ಟಿಕೊಂಡು ಕೋಸಿನ ಹೊಲದಲ್ಲಿ ಹೋಗುತ್ತಿದ್ದುದು ನೆನಪಾಯಿತು. ಚಿನ್ನಪ್ಪ ಒಂದು ಗಿಡಕ್ಕೆ ಹೊಡೆದು, ಕೈ ಎತ್ತಿ, ಸಾಲು ತಿರುಗಿ ಬಂದು, ಮತ್ತೆ ಅದೇ ಗಿಡಕ್ಕೆ ಹೊಡೆಯುತ್ತಿದ್ದ. ಒಂದೇ ಸಮ ಸುರಿದರೆ ಮದ್ದು ಎಲೆಯ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಇಲ್ಲಿ ಗಾಜು ಒಂದೇ ಸಮ ಬಿದ್ದ ಮಂಜಿಗೆ ತಣ್ಣಗಾಗಿಬಿಡುತ್ತಿತ್ತು.

"ಹಂಗಲ್ಲ ಕಣಪ್ಪಾ, ಕೊಡಿಲ್ಲಿ," ಎಂದು ಚಲಪತಿ ಸಿಂಪಡಿಸುವ ಗನ್ನು ಇಸಿದುಕೊಂಡ. "ಬಿಟ್ಟು ಬಿಟ್ಟು ಹೊಡೀಬೇಕು. ಒಂದ್ಸಲ ಹೊಡ್ದು, ಗಾಜು ಮತ್ತೆ ಕಾಯಾಕೆ ಬಿಡು. ಆಮ್ಯಾಕೆ ಇನ್ನೊಂದ್ಸಲ."

ಸಂಜೆಯ ಹೊತ್ತಿಗೆ ಗಾಜಿನ ಮೇಲೆ ಒಂದೂ ಬಿರುಕಿಲ್ಲದ ಪೊರೆ ಕೂತಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನೇರಳೆ, ಹಸಿರು ಬಣ್ಣಗಳು ಹರಿದಾಡುತ್ತಿದ್ದವು. ಇಬ್ಬರೂ ಅದನ್ನು ಕೈಯಿಂದ ಕೈಗೆ ಕೊಟ್ಟುಕೊಳ್ಳುತ್ತ ನಕ್ಕರು. ಅವತ್ತು ಚಲಪತಿ ಮಧುಸೂದನನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ತಾನೇ ಬೋಂಡ ಕೊಡಿಸಿದ.

ಮಧುಸೂದನ ಅದರ ಮೇಲೆ ಪ್ರಬಂಧ ಬರೆದ. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಯಾರು ಏನೇ ಬರೆಯಲಿ, ಪ್ರಿನ್ಸಿಪಾಲರ ಹೆಸರು ಹಾಕಲೇಬೇಕು. ಕಾಲೇಜಿನ ಒಡೆಯರನ್ನು ಈ ಕಡೆ ಕರೆಸ್ಪಾಂಡೆಂಟ್ ಎನ್ನುತ್ತಾರೆ. ಅವರ ಅಳಿಯನ ಹೆಸರನ್ನೂ ಹಾಕಲೇಬೇಕು. ಅಳಿಯ ಮಹಾಶಯ ಪ್ರಯೋಗಾಲಯದ ಬಾಗಿಲು ಯಾವ ದಿಕ್ಕಿಗಿದೆ ಎಂದು ಕಂಡವನಲ್ಲ, ಆದರೂ ಅವನ ಹೆಸರಿನಲ್ಲಿ ಅಲ್ಲಿನ ಎಲ್ಲರಿಗಿಂತ ಹೆಚ್ಚು ಪ್ರಬಂಧಗಳಿದ್ದವು. ಹೀಗೆ ಇಬ್ಬರು ಮೊದಲೇ ಕುರ್ಚಿ ಹಿಡಿದು ಕೂತ ಮೇಲೆ, ನಾಲ್ಕನೆಯ ಹೆಸರು ಬೇಡ, ಜಾಸ್ತಿಯಾಯಿತು ಎಂದು ಪ್ರಿನ್ಸಿಪಾಲರೇ ಅಂದರು. ಅಚ್ಚಾಗಿ ಬಂದ ಪ್ರಬಂಧದ ತಲೆಯ ಮೇಲೆ ಮೂರು ಹೆಸರಿದ್ದವು. ಬುಡದಲ್ಲಿ, ಸಾಸಿವೆಕಾಳಿನ ಗಾತ್ರದ ಅಕ್ಷರದಲ್ಲಿ, ಸಿಂಪಡಿಸಲು ನೆರವಾದ ಚಲಪತಿಯವರಿಗೆ ವಂದನೆ ಎಂದಿತ್ತು.

"ಅಣ್ಣ, ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ ಅವರು," ಎಂದ ಮಧುಸೂದನ, ತಲೆ ತಗ್ಗಿಸಿ.

"ಇರ್ಲಿ ಬಿಡಪ್ಪ. ಹೆಸರಾಗೇನೈತೆ," ಎಂದ ಚಲಪತಿ.

ಅವನಿಗೆ ಹೆಸರಿನಲ್ಲೇ ಎಲ್ಲವೂ ಇತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಅವನು ಹಲ್ಲು ಕಡಿದ. ನ್ಯಾಯವಾಗಿ ನೋಡಿದರೆ ಅವನ ಜಾಗ ಕಿತ್ತುಕೊಂಡವನು ಅಳಿಯ. ಆದರೆ ಅಳಿಯನ ಮೇಲೆ ಚಲಪತಿಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ಅವನು ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವವನು, ದೂರದವನು. ಹೊಟ್ಟೆಕಿಚ್ಚು ಅಷ್ಟು ದೂರ ನಡೆಯುವ ಪ್ರಾಣಿಯಲ್ಲ, ಪಕ್ಕದ ಮೇಜಿನಲ್ಲಿ ಟಿಫಿನ್ ಬಾಕ್ಸ್ ತೆರೆದು "ಅಣ್ಣ, ಒಂದು ಚೂರು ಪುಳಿಯೋಗರೆ ತಗೊಳ್ಳಿ" ಎನ್ನುವವನನ್ನೇ ಹುಡುಕಿ ಹಿಡಿಯುತ್ತದೆ.

ಆ ಪ್ರಬಂಧಕ್ಕೆ ಹೆಸರು ಬಂತು. ಚಲಪತಿ ಅಂದೇ ತೀರ್ಮಾನಿಸಿದ, ಇವನ ಕೆಲಸದಲ್ಲಿ ಹುಳುಕು ಹುಡುಕಿ ಜಗತ್ತಿಗೆ ತೋರಿಸದೆ ಬಿಡುವುದಿಲ್ಲ ಎಂದು.

ಅಲ್ಲಿಂದ ಶುರುವಾಯಿತು ಅವನ ಖಂಡನೆಗಳ ಸರಣಿ. ಮಧುಸೂದನ ಒಂದು ಪ್ರಬಂಧ ಬರೆದರೆ ಸಾಕು, ಚಲಪತಿ ಅದನ್ನು ಸಾಲು ಸಾಲಾಗಿ ಓದುತ್ತಿದ್ದ. ಅದೇ ಉಪ್ಪು, ಅದೇ ಗಾಜು, ಅದೇ ಬಿಸಿ ಇಟ್ಟು ಅದೇ ಪೊರೆಯನ್ನು ತಾನೂ ಮಾಡುತ್ತಿದ್ದ. ಅಳೆಯುತ್ತಿದ್ದ. ನೂರಕ್ಕೆ ಎಂಬತ್ತು ಪಾಲು ಬೆಳಕು ಹಾಯುತ್ತದೆ ಎಂದು ಮಧುಸೂದನ ಬರೆದಿದ್ದರೆ ಇವನ ಪೊರೆಯಲ್ಲಿ ಎಪ್ಪತ್ತೆಂಟು ಬರುತ್ತಿತ್ತು. ಆ ಎರಡು ಪಾಲಿನ ಮೇಲೆ ಹತ್ತು ಪುಟ ಬರೆದು, ಮಧುಸೂದನರ ಹೇಳಿಕೆಯನ್ನು ಒಪ್ಪಲಾಗದು ಎಂದು ಮುಗಿಸಿ, ಸಿಕ್ಕಿದ ಪತ್ರಿಕೆಗೆ ಕಳಿಸುತ್ತಿದ್ದ. ಮುಂದಿನ ಖಂಡನೆಯಲ್ಲಿ, ಹಿಂದೆಯೇ ನಾನು ತೋರಿಸಿಕೊಟ್ಟಂತೆ ಎಂದು ತನ್ನ ಹಳೆಯ ಖಂಡನೆಗಳನ್ನೆಲ್ಲ ಹೆಸರಿಸುತ್ತಿದ್ದ. ಭಾನುವಾರಗಳೂ ಅದಕ್ಕೇ ಹೋದವು. ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋದವನು ಊಟದ ಎಲೆ ಹಾಕುವ ಮುಂಚೆಯೇ ಎದ್ದು ಪ್ರಯೋಗಾಲಯಕ್ಕೆ ಓಡಿದ.

"ಎಲ್ಲಿಗ್ ಹೊಂಟ್ಯಣ್ಣ?" ಎಂದು ಮುನೀಶ ಬಾಗಿಲಲ್ಲಿ ತಡೆದ.

"ಒಲೆ ಮ್ಯಾಲೆ ಗಾಜಿಟ್ಟು ಬಂದಿವ್ನಿ ಕಣ್ಲಾ."

"ಯಾರಾರ ಪಾಯಸ ಬುಟ್ಟು ಗಾಜ್ ಬೇಯ್ಸಾಕೆ ಹೋಗ್ತಾರಾ?"

ಚಲಪತಿ ಹೋಗೇಬಿಟ್ಟ. ಆದರೆ ಇಷ್ಟೆಲ್ಲ ಬರೆದರೂ ಮಧುಸೂದನ ಒಂದಕ್ಕೂ ಉತ್ತರ ಬರೆಯಲಿಲ್ಲ. ಜಗಳಕ್ಕೂ ಬರಲಿಲ್ಲ. ಊಟ ಆಯ್ತಾ ಅಣ್ಣ ಎಂದು ಕೇಳುವುದನ್ನೂ ನಿಲ್ಲಿಸಲಿಲ್ಲ. ಅದು ಚಲಪತಿಯ ಮೈಯನ್ನು ಇನ್ನಷ್ಟು ಉರಿಸಿತು. ತಾನು ಕಾಲು ಕೆರೆದು ನಿಂತಿರುವಾಗ ಎದುರಿನವನು ಪುಳಿಯೋಗರೆ ಕೊಟ್ಟರೆ ಎಂಥವನಿಗಾದರೂ ಅವಮಾನವಾಗುತ್ತದೆ. ಪುಳಿಯೋಗರೆ ಚೆನ್ನಾಗಿಯೂ ಇರುತ್ತಿತ್ತು.

ಹೀಗಿರುವಾಗ ಈ ವರ್ಷ ಕರೆಸ್ಪಾಂಡೆಂಟರಿಗೆ ಕಾಲೇಜಿನಲ್ಲಿ ತೆಳುಪೊರೆಯ ಸಂಶೋಧನಾ ಕೇಂದ್ರವೊಂದು ಬೇಕೆನಿಸಿತು. ಹೊಸ ಯಂತ್ರ, ಎಸಿ ಹಾಕಿದ ಕೋಣೆ, ಸಂಶೋಧನಾ ವಿದ್ಯಾರ್ಥಿಗಳು, ಬಾಗಿಲ ಮೇಲೆ ಮುಖ್ಯಸ್ಥರ ಹೆಸರಿನ ಹಲಗೆ. ಆ ಹಲಗೆಗೆ ಇದ್ದದ್ದು ಎರಡೇ ಹೆಸರು. ಚಲಪತಿಗೆ ಐವತ್ತು ದಾಟಿತ್ತು. ಇದು ಸಿಕ್ಕಿದರೆ ಸಿಕ್ಕಿತು, ತಪ್ಪಿದರೆ ನಿವೃತ್ತಿಯಾಗುವ ತನಕ ಒಂದು ಗಾಜಿನ ಚೂರು ಬೇಕಾದರೂ ಮಧುಸೂದನನ ಸಹಿಗಾಗಿ ಅವನ ಬಾಗಿಲಲ್ಲಿ ನಿಲ್ಲಬೇಕು. ಅದನ್ನು ನೆನೆದರೇ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಸೈಟೇಷನ್ನಿನ ಒಟ್ಟು ಲೆಕ್ಕದಲ್ಲಿ ಮಧುಸೂದನ ಮುಂದಿದ್ದ. ಆದರೆ ಆ ಸಂಖ್ಯೆಯ ಮೇಲೆ ಚಲಪತಿಗೆ ಮೊದಲಿನಿಂದಲೂ ಗುಮಾನಿ. ಅದರಲ್ಲಿ ಅರ್ಧ ಅವನು ತನ್ನನ್ನು ತಾನೇ ಹೆಸರಿಸಿಕೊಂಡದ್ದಿರಬೇಕು, ಉಳಿದರ್ಧ ಒಬ್ಬನೇ ಗೆಳೆಯ ಮತ್ತೆ ಮತ್ತೆ ಹೆಸರಿಸಿದ್ದಿರಬೇಕು ಎಂದು ಅವನ ಲೆಕ್ಕ. ಇಲ್ಲದಿದ್ದರೆ ಅಷ್ಟು ಬರಲು ಹೇಗೆ ಸಾಧ್ಯ? ಅವನು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದ.

"ಸರ್, ಬರೀ ಸಂಖ್ಯೆ ನೋಡ್ಬೇಡಿ. ಯಾರು ಹೆಸರಿಸಿದಾರೆ ಅಂತ ಬಿಡಿಸಿ ನೋಡಿಸಿ. ಸ್ವಂತದ್ದು ತೆಗೆದಾಕಿ. ಆಮೇಲೆ ಯಾರು ಯಾರ ಬೆನ್ನು ತಟ್ಟಿದಾರೆ ಅಂತ ಎಲ್ರಿಗೂ ಕಾಣ್ತದೆ."

ಪ್ರಿನ್ಸಿಪಾಲರು ಧರ್ಮಪುರಿಯ ಕಡೆಯ ತಮಿಳರು. "ನ್ಯಾಯಂ ದಾನ್ ಸರ್," ನ್ಯಾಯವೇ ಸರಿ, ಎಂದು ತಲೆಯಾಡಿಸಿ, ಲೈಬ್ರರಿಯ ಸುಷ್ಮಾಗೆ ಆ ಕೆಲಸ ವಹಿಸಿದರು.

ಆ ವಾರವಿಡೀ ಚಲಪತಿಯ ಮುಖ ನೋಡಬೇಕಿತ್ತು. ಹೆಂಡತಿಗೆ ಮಲ್ಲಿಗೆ ತಂದ. ಚಟ್ನಿಯಲ್ಲಿ ತಪ್ಪು ಹುಡುಕಲಿಲ್ಲ. ಪುಳಿಯೋಗರೆಯನ್ನು ಕೇಳಿ ಎರಡನೆಯ ಸಲ ಹಾಕಿಸಿಕೊಂಡ. ಹೇಗೂ ಬೀಳುವವನು, ಪಾಪ, ಎಂದು ಕನಿಕರವೂ ಬಂತು.

ಸಭೆ ನಡೆದದ್ದು ಮಧ್ಯಾಹ್ನ, ಸೆಮಿನಾರ್ ಹಾಲಿನಲ್ಲಿ. ಕರೆಸ್ಪಾಂಡೆಂಟರು, ಪ್ರಿನ್ಸಿಪಾಲರು, ಸೇಲಂನಿಂದ ಬಂದ ತಜ್ಞೆ ಡಾಕ್ಟರ್ ಭಾನು. ಇಬ್ಬರು ಉಮೇದುವಾರರೂ ಎದುರಿಗೇ ಕೂತಿದ್ದರು. ಸುಷ್ಮಾ ಗೋಡೆಯ ಪರದೆಯ ಮೇಲೆ ಒಂದು ಚಿತ್ರ ಹಾಕಿದಳು. ನಡುವೆ ಒಂದು ದೊಡ್ಡ ಚುಕ್ಕೆ, ಸುತ್ತ ಚಿಕ್ಕ ಚಿಕ್ಕ ಚುಕ್ಕೆಗಳು, ಅವುಗಳಿಂದ ದೊಡ್ಡದಕ್ಕೆ ಬಂದು ಸೇರುವ ಗೆರೆಗಳು, ದೊಡ್ಡದರಿಂದಲೇ ಹೊರಟು ಅದಕ್ಕೇ ಮರಳುವ ಗೆರೆಗಳು. ಒಂದೊಂದು ಚುಕ್ಕೆಯೂ ಒಬ್ಬ ಸಂಶೋಧಕ. ಒಬ್ಬ ಇನ್ನೊಬ್ಬನನ್ನು ಹೆಚ್ಚು ಸಲ ಹೆಸರಿಸಿದಷ್ಟೂ ಗೆರೆ ದಪ್ಪ ಎಂದು ವಿವರಿಸಿದಳು.

"ಮೊದಲು ಚಲಪತಿ ಸರ್‌ದು. ಸ್ವಂತದ್ದನ್ನ ತೆಗೀತೀನಿ," ಎಂದು ಒಂದು ಗುಂಡಿ ಒತ್ತಿದಳು.

ಚಲಪತಿಯ ಚುಕ್ಕೆಯ ಸುತ್ತ ಇದ್ದ ಗೆರೆಗಳು ಹೆಚ್ಚುಕಡಿಮೆ ಎಲ್ಲವೂ ಮಾಯವಾದವು. ಎರಡೋ ಮೂರೋ ಕೂದಲೆಳೆಗಳು ಉಳಿದವು. ಖಂಡನೆಯಲ್ಲಿ ಖಂಡನೆಯನ್ನು ಹೆಸರಿಸಿ ಕಟ್ಟಿದ ಅವನ ಗೋಪುರ ಒಂದು ಗುಂಡಿಗೆ ನೆಲಸಮವಾಗಿತ್ತು. ಇರಲಿ, ಮಧುಸೂದನನದೂ ಹೀಗೇ ಹೋಗುತ್ತದೆ, ನೋಡೋಣ ಎಂದು ಚಲಪತಿ ಕುರ್ಚಿಯ ಅಂಚಿಗೆ ಸರಿದು ಕೂತ.

"ಇದು ಮಧುಸೂದನ್ ಸರ್‌ದು," ಎಂದು ಸುಷ್ಮಾ ಇನ್ನೊಂದು ಚಿತ್ರ ಹಾಕಿ ಅದೇ ಗುಂಡಿ ಒತ್ತಿದಳು. ಅಲ್ಲಿ ಕೆಲವೇ ಗೆರೆಗಳು ಹೋದವು. ಕೊಯಮತ್ತೂರು, ಈಜಿಪ್ಟು, ಇರಾನು ಎಂದು ಸಣ್ಣ ಎಳೆಗಳು ಹಾಗೇ ನಿಂತವು. ಅವುಗಳ ನಡುವೆ ಒಂದು ಗೆರೆ ಮಾತ್ರ ಎತ್ತು ಕಟ್ಟುವ ಹಗ್ಗದಷ್ಟು ದಪ್ಪಗಿತ್ತು.

ಚಲಪತಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಿಕ್ಕಿಬಿದ್ದ ಗೆಳೆಯ!

"ಅದೇ ಸರ್, ಆ ದಪ್ಪದ್ದು," ಎಂದು ಅವನು ಎದ್ದೇ ನಿಂತ. "ಅದ್ಯಾರು ಅಂತ ಕೇಳಿ ಸರ್. ಅದೊಂದನ್ನ ಕೇಳಿ."

ಸುಷ್ಮಾ ಪ್ರಿನ್ಸಿಪಾಲರ ಮುಖ ನೋಡಿದಳು, ನೆಲ ನೋಡಿದಳು. "ಅದು ನೀವೇ ಸರ್," ಎಂದಳು.

ಚಲಪತಿ ಪರದೆಯ ಮೇಲಿನ ಹಗ್ಗವನ್ನು ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಹಿಡಿದು ಹೋದ. ಆ ತುದಿಯಲ್ಲಿ ತನ್ನ ಹೆಸರಿತ್ತು. ದಿನಾ ಬೆಳಿಗ್ಗೆ ನೋಡುತ್ತಿದ್ದ ಸಂಖ್ಯೆ, ಕಾಫಿ ಕೆಡಿಸುತ್ತಿದ್ದ ಸಂಖ್ಯೆ, ಅದರಲ್ಲಿ ಹೆಚ್ಚಿನ ಪಾಲು ಅವನೇ ಏರಿಸಿದ್ದು. ಖಂಡಿಸಬೇಕಾದರೂ ಹೆಸರಿಸಲೇಬೇಕಲ್ಲ. ಅಷ್ಟು ವರ್ಷ ಓದಿದವನಿಗೆ ಇಷ್ಟು ಹೊಳೆದಿರಲಿಲ್ಲ.

"ಅವೆಲ್ಲ ಖಂಡನೆ ಮೇಡಂ," ಎಂದು ಅವನು ಭಾನು ಅವರತ್ತ ತಿರುಗಿದ. "ಅವನ್ನ ಲೆಕ್ಕಕ್ಕೆ ಹಿಡೀಬಾರ್ದು. ನಾನು ಒಪ್ಪಿಲ್ಲ ಅಂತ ಬರ್ದಿದೀನಿ."

"ಎಲ್ಲ ಓದಿದೆ ಸರ್," ಎಂದರು ಆಕೆ, ಮೆತ್ತಗೆ. "ಒಪ್ಪಲ್ಲ ಅಂತ ಕೊನೆಯಲ್ಲಿ ಬರೆದಿದೀರಿ. ಆದರೆ ಒಳಗಿರೋ ಅಳತೆ ನೋಡಿದ್ರೆ ಪ್ರತಿ ಸಲವೂ ಅವರಿಗೆ ಬಂದದ್ದೇ ನಿಮಗೂ ಬಂದಿದೆ. ಎರಡು ಪಾಲು ಹೆಚ್ಚುಕಡಿಮೆ ನಮ್ಮ ಅಳತೆ ಸಾಮಾನುಗಳಲ್ಲಿ ಇದ್ದದ್ದೇ. ಇನ್ನೊಬ್ಬರ ಪೊರೇನ ಮತ್ತೆ ಮಾಡಿ ನೋಡೋ ಶ್ರಮ ಈ ಕಾಲದಲ್ಲಿ ಯಾರೂ ತಗೊಳ್ಳಲ್ಲ. ನೀವು ಅವರ ಪ್ರತಿಯೊಂದನ್ನೂ ಮಾಡಿ ನೋಡಿದೀರಿ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನಾನು ಕೊಡಕ್ಕಾಗಲ್ಲ."

ಕರೆಸ್ಪಾಂಡೆಂಟರು ವ್ಯಾಪಾರದಲ್ಲಿ ಪಳಗಿದವರು, ಅವರಿಗೆ ವಿಷಯ ತಟ್ಟನೆ ಅರ್ಥವಾಯಿತು. "ಅಂದ್ರೆ ಸರಕು ಚೆನ್ನಾಗಿದೆ ಅಂತ ಎದುರಂಗಡಿಯವರೇ ಸಹಿ ಹಾಕಿದಾರೆ," ಎಂದು ನಕ್ಕರು. ಪ್ರಿನ್ಸಿಪಾಲರೂ ನಕ್ಕರು. ಮಧುಸೂದನ ಒಬ್ಬನೇ ನಗಲಿಲ್ಲ. ಅದನ್ನೂ ಚಲಪತಿ ಗಮನಿಸಿದ, ಅದಕ್ಕೂ ಅವನಿಗೆ ಸಿಟ್ಟು ಬಂತು.

ಹಲಗೆ ಮಧುಸೂದನನಿಗಾಯಿತು.

ಚಲಪತಿ ಯಾರ ಮುಖವನ್ನೂ ನೋಡದೆ ಪ್ರಯೋಗಾಲಯಕ್ಕೆ ಬಂದು, ಬಾಗಿಲು ಮುಂದೆ ಮಾಡಿ, ತಣ್ಣಗಿದ್ದ ಒಲೆಯ ಮುಂದಿನ ಸ್ಟೂಲಿನ ಮೇಲೆ ಕೂತ. ಸಾಯುವಷ್ಟು ನಾಚಿಕೆಯಾಗಿತ್ತು. ಒಂಬತ್ತು ವರ್ಷದ ಭಾನುವಾರಗಳನ್ನು ಅವನು ಈ ಹುಡುಗನ ಕುರ್ಚಿಯ ಕಾಲು ಗಟ್ಟಿ ಮಾಡಲು ತೇದಿದ್ದ. ವೆಂಕಟಲಕ್ಷ್ಮಿಗೆ ಏನು ಹೇಳುವುದು? ಅವಳು ಕೇಳಿದರೆ ಒಂದು ವಾರ ನಗುತ್ತಾಳೆ.

ಸ್ವಲ್ಪ ಹೊತ್ತಿಗೆ ಮಧುಸೂದನ ಬಾಗಿಲು ತಳ್ಳಿಕೊಂಡು ಬಂದ. ಬಂದವನು ಎದುರಿನ ಸ್ಟೂಲು ಎಳೆದುಕೊಂಡು ಕೂತ.

"ಅಣ್ಣ, ಬೇಜಾರಾಯ್ತಾ?"

"ಇಲ್ಲಪ್ಪ, ಖುಸಿಯಾಗೈತೆ. ಕುಣೀಲಾ?"

ಮಧುಸೂದನ, "ನೀವು ಬರೆದದ್ದೆಲ್ಲ ನಾನು ಓದಿದೀನಿ, ಒಂದೂ ಬಿಟ್ಟಿಲ್ಲ," ಎಂದ.

"ಮತ್ಯಾಕೆ ಒಂದುತ್ತರಾನೂ ಬರೀನಿಲ್ಲ? ಮನುಸಾ ಅಂತ ಲೆಕ್ಕಕ್ಕೂ ತಗಣ್ನಿಲ್ಲ ನೀನು ನನ್ನ."

"ಉತ್ತರ ಬರೆದ್ರೆ ಜಗಳ ಮುಗಿದುಹೋಗುತ್ತೆ, ನೀವು ನಿಲ್ಲಿಸಿಬಿಡ್ತೀರಿ ಅಂತ ಹೆದರಿಕೆ ಅಣ್ಣ." ಅವನು ಕೈಬೆರಳುಗಳನ್ನು ನೋಡಿಕೊಳ್ಳುತ್ತ ಹೇಳಿದ. "ಆ ಈಜಿಪ್ಟು, ಇರಾನಿನವರೆಲ್ಲ ತಲೆಬರಹ ನೋಡಿ ಹೆಸರು ಹಾಕಿದವರು. ಒಳಗಿರೋದನ್ನ ಯಾರೂ ಓದಿಲ್ಲ. ನಮ್ಮನೇಲೂ ಓದಿಲ್ಲ, ಅಮ್ಮ ಬರೀ ಇಂಗ್ಲಿಷ್ ತಿದ್ದುತ್ತಾರೆ. ಬರೆಯೋವಾಗೆಲ್ಲ ನಾನು ನಿಮಗೇ ಬರೀತಿದ್ದೆ. ಇಲ್ಲಿ ಸಡಿಲ ಬಿಟ್ರೆ ಅಣ್ಣ ಹಿಡೀತಾರೆ ಅಂತ ಮತ್ತೊಂದ್ಸಲ ಅಳೀತಿದ್ದೆ."

ಚಲಪತಿ ಒಲೆಯ ತಂತಿಯನ್ನು ಸುಮ್ಮನೆ ಬೆರಳಿಗೆ ಸುತ್ತಿಕೊಂಡ.

"ಹೊಸದೊಂದು ಬರೀತಿದೀನಿ," ಎಂದ ಮಧುಸೂದನ. "ಇದುವರೆಗಿನ ಎಲ್ಲಕ್ಕಿಂತ ದೊಡ್ಡದು. ಪ್ರಿನ್ಸಿಪಾಲರಿಗೆ ಹೇಳಿಬಿಟ್ಟು ಬಂದೆ, ಅವರ ಹೆಸರೂ ಹಾಕಲ್ಲ, ಅಳಿಯಂದಿರದೂ ಹಾಕಲ್ಲ. ನಿಮ್ಮ ಹೆಸರು ಮೊದಲು, ನನ್ನದು ಆಮೇಲೆ. ಬೇಡ ಅನ್ನಬೇಡಿ ಅಣ್ಣ."

ಒಂಬತ್ತು ವರ್ಷ ಯಾವುದಕ್ಕಾಗಿ ಹೊಟ್ಟೆ ಬೆಂದಿತ್ತೋ ಅದನ್ನು ಈ ಹುಡುಗ ಎದುರಿಗೆ ತಂದಿಟ್ಟಿದ್ದ. ಚಲಪತಿಗೆ ಮೊದಲು ಬಂದದ್ದು ಸಂತೋಷವಲ್ಲ, ಹೊಸದೊಂದು ಉರಿ. ಗೆದ್ದವನು, ಗೆದ್ದ ದಿನವೇ, ಇಷ್ಟು ಸಲೀಸಾಗಿ ಕೊಟ್ಟುಬಿಡಬಲ್ಲ, ತಾನಾಗಿದ್ದರೆ ಕೊಡುತ್ತಿರಲಿಲ್ಲ. ಈ ಒಳ್ಳೆಯತನವೂ ಇವನಿಗೇ ಸಿಕ್ಕಬೇಕೇ ಎನಿಸಿತು. ಆಮೇಲೆ ಆ ಪ್ರಬಂಧ ಅಚ್ಚಾಗಿ ಬರುವುದನ್ನು ಊಹಿಸಿಕೊಂಡ. ಮೇಲೆ ತನ್ನ ಹೆಸರು. ಊರವರಿಗೆ ತೋರಿಸಬಹುದು, ಅಪ್ಪನಿಗೆ ತೋರಿಸಬಹುದು. ಆದರೆ ಅದರ ಸಾಲು ಸಾಲು ಹಿಡಿದು ಜಗ್ಗಿ ನೋಡುವವರು ಯಾರು? ಗಾಜು ಕಾಯಿಸಿ ಇನ್ನೊಂದು ಸಲ ಮಾಡಿ ನೋಡುವವರು ಯಾರು? ಈಜಿಪ್ಟಿನವನು ಮಾಡುವುದಿಲ್ಲ. ಅಂಥ ಕೆಲಸಕ್ಕೆ ಬೇಕಾದ ಹೊಟ್ಟೆಕಿಚ್ಚು ಈ ಜಗತ್ತಿನಲ್ಲಿ ಒಬ್ಬನಿಗೇ ಇದ್ದದ್ದು.

"ಬ್ಯಾಡ," ಎಂದ.

"ಯಾಕಣ್ಣ? ಇನ್ನೂ ಸಿಟ್ಟೇ?"

"ಸಿಟ್ಟು ಐತೆ, ಅದು ಹೋಗಾಕಿಲ್ಲ." ಚಲಪತಿ ಮೂಗು ಒರೆಸಿಕೊಂಡು ಎದ್ದು ಒಲೆಯ ಸ್ವಿಚ್ಚು ಹಾಕಿದ. "ನಿನ್ ಹೆಸರಾಗೇ ಬರ್ಲಿ. ನಂದೂ ಸೇರಿಸ್ಬುಟ್ರೆ ಅದನ್ನ ಓದೋರ್ ಯಾರ್ಲಾ?"